ಊರಿಂದ ಬಂದವರನ್ನು ದುಬೈ ಅಕ್ವೇರಿಯಂಗೆ ಕರೆದೊಯ್ಯುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಅಪ್ಪ ಅಮ್ಮ ವಿಸಿಟ್ ವೀಸಾದಲ್ಲಿ ಬಂದು ಎರಡು ವಾರ ಆಗುವಷ್ಟರಲ್ಲಿ ಇಲ್ಲಿನ ಎಲ್ಲ ಕನ್ನಡದ ಮನೆಗಳಲ್ಲೂ ಒಂದು ಮಾತು ಬರುತ್ತದೆ: ಮಕ್ಕಳಿಗೂ ರಜೆ ಇದೆ, ಎಲ್ಲರೂ ಸೇರಿ ದುಬೈ ಮಾಲ್‌ನ ಅಕ್ವೇರಿಯಂ ನೋಡಿಕೊಂಡು ಬರೋಣ. ಹೋಗಿಬಂದವರು ಫೋನಿನಲ್ಲಿ ಹೇಳುವುದೂ ಹೆಚ್ಚುಕಡಿಮೆ ಒಂದೇ. “ಚೆನ್ನಾಗಿತ್ತು. ಆದ್ರೆ ಅಮ್ಮನಿಗೆ ಮಂಡಿ ಹಿಡ್ಕೊಂಡ್ತು, ಸಣ್ಣವನು ಅಳೋಕೆ ಶುರು ಮಾಡ್ದ, ಮೇಲಿನ ಮಹಡಿ ನೋಡ್ಲೇ ಇಲ್ಲ.” ನಾಲ್ಕು ಜನರ ಟಿಕೆಟ್ಟಿಗೆ ದುಡ್ಡು ಕೊಟ್ಟು ಅರ್ಧ ನೋಡಿ ಬಂದ ಮನೆಗಳು ನನಗೆ ಗೊತ್ತಿರುವಷ್ಟರಲ್ಲೇ ಹತ್ತಾರು ಇವೆ. ಮೊದಲ ಸಲ ನಾನೂ ಹಾಗೇ ಬಂದೆ.

ಎಲ್ಲರೂ ಎಡವುವುದು ಕ್ರಮದಲ್ಲಿ. ಕೊನೆಗೆ ನೋಡಬೇಕಾದ್ದನ್ನು ಮೊದಲು ನೋಡುತ್ತಾರೆ, ಬೆಳಿಗ್ಗೆ ಹೋಗಬೇಕಾದಲ್ಲಿಗೆ ಸಂಜೆ ಹೋಗುತ್ತಾರೆ. ಆ ಕ್ರಮವನ್ನು ಸರಿಮಾಡುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೊರಡುವ ಮೊದಲು: ಜಾಗದ ನಕ್ಷೆ ತಲೆಯಲ್ಲಿರಲಿ

ಬಾಯಿಮಾತಿನಲ್ಲಿ ನಾವು ಅಕ್ವೇರಿಯಂ ಅನ್ನುವುದು ಮೂರು ಬೇರೆ ಬೇರೆ ಜಾಗಗಳಿಗೆ. ಮೊದಲನೆಯದು, ಮಾಲ್‌ನ ನೆಲಮಹಡಿಯಲ್ಲಿ ಅಂಗಡಿಗಳ ಮಧ್ಯೆ ನಿಂತು ನೋಡುವ ಆ ದೊಡ್ಡ ಗಾಜು. ಇದಕ್ಕೆ ಒಂದು ಪೈಸೆಯೂ ಕೊಡಬೇಕಿಲ್ಲ. ಎರಡನೆಯದು, ಅದೇ ತೊಟ್ಟಿಯೊಳಗೆ ಹಾದುಹೋಗುವ 48 ಮೀಟರ್ ಉದ್ದದ ಸುರಂಗ. ಮೂರನೆಯದು, ಎರಡನೇ ಮಹಡಿಯಲ್ಲಿರುವ ಅಂಡರ್‌ವಾಟರ್ ಝೂ. ಟಿಕೆಟ್ ಬೇಕಾಗುವುದು ಈ ಕೊನೆಯ ಎರಡಕ್ಕೆ.

ತೊಟ್ಟಿಯ ಅಳತೆ ಗೊತ್ತಿದ್ದರೆ ಮಕ್ಕಳಿಗೆ ಹೇಳಲು ಅನುಕೂಲ. 51 ಮೀಟರ್ ಉದ್ದ, 20 ಮೀಟರ್ ಅಗಲ, 11 ಮೀಟರ್ ಎತ್ತರ, ಒಳಗೆ ಒಂದು ಕೋಟಿ ಲೀಟರ್ ನೀರು. ಹೊರಗಿನಿಂದ ಕಾಣುವ ಹಲಗೆ ಸುಮಾರು 33 ಮೀಟರ್ ಅಗಲ, 8 ಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರ. ಗಾಜು ಎಂದು ಕರೆದರೂ ಅದು 75 ಸೆಂಟಿಮೀಟರ್ ದಪ್ಪದ ಅಕ್ರಿಲಿಕ್. ಎರಡು ಕೈ ಚಾಚಿ ದಪ್ಪ ತೋರಿಸಿದಾಗ ನನ್ನ ಮಗಳು, “ನಮ್ಮ ಫ್ರಿಜ್‌ಗಿಂತ ದಪ್ಪನಾ?” ಎಂದು ಕೇಳಿದ್ದಳು. ಹೌದು, ಹೆಚ್ಚುಕಡಿಮೆ ಅಷ್ಟೇ.

ಹಂತ 1: ಟಿಕೆಟ್ ಬೇಕೋ ಬೇಡವೋ, ಮನೆಯಲ್ಲೇ ತೀರ್ಮಾನಿಸಿ

ಕೌಂಟರಿನ ಮುಂದೆ ನಿಂತು ಈ ಚರ್ಚೆ ಶುರುಮಾಡಬೇಡಿ. ಅಲ್ಲಿ ಬೋರ್ಡಿನ ಮೇಲಿನ ದಿರ್ಹಮನ್ನು ಅಪ್ಪ ರೂಪಾಯಿಗೆ ಲೆಕ್ಕ ಹಾಕುತ್ತಾರೆ, “ನೀವು ಹೋಗಿ ಬನ್ನಿ, ನಾವು ಇಲ್ಲೇ ಕೂತಿರ್ತೀವಿ” ಅನ್ನುತ್ತಾರೆ. ಆಮೇಲೆ ಕುಟುಂಬ ಎರಡಾಗುತ್ತದೆ. ಒಳಗೆ ಹೋದವರಿಗೂ ಮನಸ್ಸು ನೆಮ್ಮದಿಯಾಗಿರುವುದಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮನೆಯಲ್ಲಿ 4ರಿಂದ 12 ವರ್ಷದ ಮಕ್ಕಳಿದ್ದರೆ ಟಿಕೆಟ್ ತೆಗೆದುಕೊಳ್ಳಿ, ಅಜ್ಜ ಅಜ್ಜಿಗೂ ತೆಗೆದುಕೊಳ್ಳಿ. ಮೊಮ್ಮಗುವಿನ ಕೈ ಹಿಡಿದು ಸುರಂಗದಲ್ಲಿ ನಡೆಯುವುದೇ ಅವರಿಗೆ ಆ ದಿನದ ಸಂತೋಷ. ಬಂದಿರುವವರು ಹಿರಿಯರು ಮಾತ್ರ, ಅದರಲ್ಲೂ ಹೆಚ್ಚು ಹೊತ್ತು ನಡೆಯಲು ಆಗದವರು ಅಂದರೆ ಹೊರಗಿನ ಗಾಜೇ ಸಾಕು. ಅದು ಕಡಿಮೆ ದರ್ಜೆಯ ನೋಟವೇನೂ ಅಲ್ಲ. ತೊಟ್ಟಿಯ ದೊಡ್ಡ ಮೀನುಗಳೆಲ್ಲ ಅಲ್ಲಿಂದಲೇ ಕಾಣುತ್ತವೆ. ಎರಡು ವರ್ಷಕ್ಕಿಂತ ಚಿಕ್ಕ ಮಗುವಿಗೂ ಅಷ್ಟೇ, ಹೊರಗಿನಿಂದ ನೋಡಿದರೆ ಸಾಕು.

ಹಂತ 2: ದಿನ ಮತ್ತು ಗಂಟೆ

ಇಲ್ಲಿ 2022ರಿಂದ ವಾರದ ರಜೆ ಶನಿವಾರ, ಭಾನುವಾರ. ಶುಕ್ರವಾರ ಮಧ್ಯಾಹ್ನಕ್ಕೇ ಹಲವು ಕಚೇರಿಗಳು ಮುಗಿಯುತ್ತವೆ. ಹಾಗಾಗಿ ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿಯವರೆಗೆ ಮಾಲ್ ತುಂಬಿ ತುಳುಕುತ್ತದೆ. ಒಂದು ದಿನ ರಜೆ ಹಾಕಲು ಸಾಧ್ಯವಾದರೆ ಮಂಗಳವಾರ, ಬುಧವಾರ ಒಳ್ಳೆಯದು. ಆಗಲೇ ಇಲ್ಲ ಅಂದರೆ ಭಾನುವಾರ ಬೆಳಿಗ್ಗೆ.

ಮಾಲ್ ಬಾಗಿಲು ತೆರೆಯುವ ಹತ್ತು ಗಂಟೆಗೆ ನೀವು ಒಳಗಿರಬೇಕು. ಹತ್ತರಿಂದ ಹನ್ನೆರಡೂವರೆಯವರೆಗೆ ಸಿಗುವ ಸಾವಕಾಶ ಮತ್ತೆ ದಿನವಿಡೀ ಸಿಗುವುದಿಲ್ಲ. ಮಧ್ಯಾಹ್ನ ಪ್ರವಾಸಿಗರ ಬಸ್ಸುಗಳು ಬರುತ್ತವೆ, ಸಂಜೆ ಆಫೀಸು ಬಿಟ್ಟವರು ಬರುತ್ತಾರೆ.

ಈದ್ ರಜೆ, ಡಿಸೆಂಬರ್ ಕೊನೆಯ ಎರಡು ವಾರ ಬೇಡ. ಡಿಸೆಂಬರ್ 31 ಅಂತೂ ಬೇಡವೇ ಬೇಡ. ಬುರ್ಜ್ ಖಲೀಫಾದ ಪಟಾಕಿಗಾಗಿ ಸುತ್ತಲಿನ ರಸ್ತೆಗಳನ್ನು ಬಂದ್ ಮಾಡುತ್ತಾರೆ, ಸಂಜೆಯಾಗುತ್ತಲೇ ಮೆಟ್ರೋ ನಿಲ್ದಾಣವನ್ನೂ ಮುಚ್ಚುತ್ತಾರೆ. ಹಿರಿಯರನ್ನು ಕರೆದುಕೊಂಡು ಅಲ್ಲಿ ಸಿಕ್ಕಿಹಾಕಿಕೊಂಡರೆ ಮನೆ ಸೇರುವುದು ಬೆಳಗಿನ ಜಾವಕ್ಕೆ.

ಇನ್ನೊಂದು ವಿಷಯ. ಅಪ್ಪ ಅಮ್ಮ ವಿಮಾನ ಇಳಿದ ಮಾರನೇ ದಿನವೇ ಹೋಗಬೇಡಿ. ದುಬೈ ನಮ್ಮೂರಿಗಿಂತ ಒಂದೂವರೆ ಗಂಟೆ ಹಿಂದೆ. ಅವರ ಮೈಗೆ ಇನ್ನೂ ಊರಿನ ಹೊತ್ತೇ ಇರುತ್ತದೆ, ಊಟದ ಹೊತ್ತಿಗೆ ಮುಂಚೆಯೇ ಹಸಿವು, ಸಂಜೆಗೆ ಮುಂಚೆಯೇ ನಿದ್ದೆ. ನಾಲ್ಕೈದು ದಿನ ಕಳೆಯಲಿ.

ಹಂತ 3: ಸರಿಯಾದ ಟಿಕೆಟ್ಟನ್ನೇ ಕೊಳ್ಳಿ

ನೀವು ಹುಡುಕಬೇಕಾದ ಪೂರ್ತಿ ಹೆಸರು ದುಬೈ ಅಕ್ವೇರಿಯಂ ಆ್ಯಂಡ್ ಅಂಡರ್‌ವಾಟರ್ ಝೂ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಫೋನಿನಲ್ಲಿ ಹುಡುಕಿದರೆ ಇದರ ಜೊತೆಗೆ ಪಾಮ್ ಜುಮೇರಾದ ಅಟ್ಲಾಂಟಿಸ್ ಹೋಟೆಲಿನ ಲಾಸ್ಟ್ ಚೇಂಬರ್ಸ್ ಬರುತ್ತದೆ, ಅಬುಧಾಬಿಯ ನ್ಯಾಷನಲ್ ಅಕ್ವೇರಿಯಂ ಬರುತ್ತದೆ, ಯಾಸ್ ದ್ವೀಪದ ಸೀವರ್ಲ್ಡ್ ಕೂಡ ಬರುತ್ತದೆ. ಎಲ್ಲದರಲ್ಲೂ ನೀಲಿ ನೀರು, ಶಾರ್ಕು. ಅವಸರದಲ್ಲಿ ಅಬುಧಾಬಿಯ ಟಿಕೆಟ್ ಕೊಂಡು ದುಬೈ ಮಾಲ್‌ನಲ್ಲಿ ನಿಂತವರನ್ನು ನಾನು ಕಂಡಿದ್ದೇನೆ. ನೂರು ಕಿಲೋಮೀಟರಿಗೂ ಹೆಚ್ಚು ದೂರದ ವ್ಯತ್ಯಾಸ ಅದು.

ಹಣ ಕಟ್ಟುವ ಮೊದಲು ನಾಲ್ಕು ವಿಷಯ ಓದಿ: ದಿನಾಂಕ, ಮಗುವಿನ ವಯಸ್ಸಿನ ಲೆಕ್ಕ, ಸುರಂಗ ಮತ್ತು ಝೂ ಎರಡೂ ಸೇರಿವೆಯೇ, ದಿನ ಬದಲಿಸಲು ಬರುತ್ತದೆಯೇ. ದೊಡ್ಡ ಪ್ಯಾಕೇಜ್‌ಗಳಲ್ಲಿ ತೊಟ್ಟಿಯ ಮೇಲೆ ಸಾಗುವ ಗಾಜಿನ ತಳದ ದೋಣಿ, ತೆರೆಮರೆಯ ಸುತ್ತಾಟ ಇತ್ಯಾದಿ ಸೇರಿಸುತ್ತಾರೆ. ಮೊದಲ ಭೇಟಿಗೆ ಅವು ಬೇಕಿಲ್ಲ. ಸುರಂಗವನ್ನೂ ಝೂವನ್ನೂ ಅವಸರವಿಲ್ಲದೆ ನೋಡಿ ಮುಗಿಸುವಷ್ಟರಲ್ಲಿ ಮನೆಯವರ ಶಕ್ತಿ ಖಾಲಿಯಾಗಿರುತ್ತದೆ. ಹತ್ತು ವರ್ಷ ದಾಟಿದ, ಮೀನಿನ ಹುಚ್ಚಿರುವ ಮಗು ಇದ್ದರೆ ಮಾತ್ರ ದೋಣಿಯನ್ನು ಸೇರಿಸಿಕೊಳ್ಳಿ.

ಟಿಕೆಟ್ಟಿನ ಕ್ಯೂಆರ್ ಕೋಡನ್ನು ಸ್ಕ್ರೀನ್‌ಶಾಟ್ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಡಿ. ಒಬ್ಬರ ಫೋನು ಚಾರ್ಜ್ ಮುಗಿದು ಕಪ್ಪಾದರೆ ಇನ್ನೊಬ್ಬರದ್ದು ಇರಲಿ.

ಹಂತ 4: ಚೀಲದಲ್ಲಿ ಏನಿರಬೇಕು

ಒಂದೇ ಚೀಲ, ಬೆನ್ನಿಗೆ ಹಾಕುವಂಥದ್ದು. ಕೈಚೀಲ ಹಿಡಿದರೆ ಮಗುವನ್ನು ಹಿಡಿಯಲು ಕೈ ಉಳಿಯುವುದಿಲ್ಲ.

ಅಮ್ಮನಿಗೆ ಶಾಲು ಅಥವಾ ಸ್ವೆಟರ್. ಹೊರಗೆ ನಲವತ್ತು ಡಿಗ್ರಿ ದಾಟಿದ್ದರೂ ಒಳಗೆ ಎಸಿ ಜೋರು, ಸೀರೆಯ ಸೆರಗು ಹೊದ್ದರೆ ಸಾಲದು. ಸಕ್ಕರೆ ಕಾಯಿಲೆ, ಬಿಪಿ ಇದ್ದವರ ಮಧ್ಯಾಹ್ನದ ಮಾತ್ರೆ. ಬಾಯಿಗೆ ಹಾಕಿಕೊಳ್ಳಲು ಎರಡು ಕಡಲೆ ಚಿಕ್ಕಿ ಅಥವಾ ಗ್ಲೂಕೋಸ್ ಬಿಸ್ಕತ್ತು. ಎಲ್ಲರ ಕಾಲಿಗೂ ಹಳೆಯ, ಒಗ್ಗಿದ ಚಪ್ಪಲಿ ಅಥವಾ ಶೂ. ದುಬೈಗೆಂದೇ ಕೊಂಡ ಹೊಸ ಚಪ್ಪಲಿ ಆ ದಿನ ಮನೆಯಲ್ಲೇ ಇರಲಿ. ನಿಮ್ಮ ಎಮಿರೇಟ್ಸ್ ಐಡಿ, ಹಿರಿಯರ ಪಾಸ್‌ಪೋರ್ಟಿನ ಪ್ರತಿ. ಒಂದು ಪವರ್ ಬ್ಯಾಂಕ್.

ಬಟ್ಟೆಯ ಬಗ್ಗೆ ಒಂದು ಮಾತು. ಫೋಟೋ ತೆಗೆಯುವವರು ಗಾಢ ಬಣ್ಣದ ಅಂಗಿ ಹಾಕಿಕೊಳ್ಳಿ. ಬಿಳಿ ಅಂಗಿ ಹಾಕಿದರೆ ಅಕ್ರಿಲಿಕ್‌ನಲ್ಲಿ ಮೀನಿನ ಬದಲು ನಿಮ್ಮ ಹೊಟ್ಟೆಯೇ ಹೊಳೆಯುತ್ತದೆ.

ಫೋನಿನ ವಿಚಾರವನ್ನು ಬಹಳ ಜನ ಮರೆಯುತ್ತಾರೆ. ರೋಮಿಂಗ್ ಹಾಕಿಸದ ಊರಿನ ಸಿಮ್ ಇರುವ ಅಪ್ಪನ ಫೋನು ಮಾಲ್‌ನಲ್ಲಿ ಕೆಲಸಕ್ಕೆ ಬರುವುದಿಲ್ಲ. ವೈಫೈ ಸಿಕ್ಕರೂ ವಾಟ್ಸ್‌ಆ್ಯಪ್ ಕರೆ ಇಲ್ಲಿ ಹೋಗುವುದಿಲ್ಲ, ಸಂದೇಶ ಮತ್ತು ಧ್ವನಿ ಸಂದೇಶ ಮಾತ್ರ ಹೋಗುತ್ತವೆ. ಹಾಗಾಗಿ ಒಂದು ಸ್ಥಳೀಯ ಸಿಮ್ ಹಾಕಿದ ಹಳೆಯ ಫೋನನ್ನು ಅಪ್ಪನ ಜೇಬಿಗೆ ಹಾಕಿ, ನಿಮ್ಮ ನಂಬರನ್ನು ಮೊದಲನೆಯದಾಗಿ ಸೇವ್ ಮಾಡಿಕೊಡಿ. ಮನೆಯಲ್ಲೇ ಒಮ್ಮೆ ಕರೆ ಮಾಡಿಸಿ ನೋಡಿ.

ಹಂತ 5: ತಲುಪುವುದು

ಮೆಟ್ರೋದಲ್ಲಿ ಹೋಗುವುದಾದರೆ ಇಳಿಯಬೇಕಾದ್ದು ರೆಡ್ ಲೈನಿನ ಬುರ್ಜ್ ಖಲೀಫಾ/ದುಬೈ ಮಾಲ್ ನಿಲ್ದಾಣ. ಅಲ್ ನಹ್ದಾ, ಕುಸೈಸ್ ಕಡೆಯವರು ಗ್ರೀನ್ ಲೈನಿನಲ್ಲಿ ಬಂದು ಯೂನಿಯನ್‌ನಲ್ಲಿ ಬದಲಿಸಿ. ಶಾರ್ಜಾ, ಅಜ್ಮಾನ್‌ನಿಂದ ಕಾರಿನಲ್ಲಿ ಬರುವವರು ಸೆಂಟರ್‌ಪಾಯಿಂಟ್ ನಿಲ್ದಾಣದ ಪಾರ್ಕ್ ಆ್ಯಂಡ್ ರೈಡ್‌ನಲ್ಲಿ ಕಾರು ಬಿಟ್ಟು ರೆಡ್ ಲೈನ್ ಹತ್ತಿದರೆ ನೇರ ಬರಬಹುದು. ಭಾನುವಾರ ಮೆಟ್ರೋ ಶುರುವಾಗುವುದು ಬೆಳಿಗ್ಗೆ 8ಕ್ಕೆ. ಎಲ್ಲರ ನೋಲ್ ಕಾರ್ಡಿಗೂ (ಮೆಟ್ರೋ, ಬಸ್ಸಿನ ಪ್ರಯಾಣದ ಕಾರ್ಡು) ಹೋಗಿಬರುವಷ್ಟು ದುಡ್ಡನ್ನು ಹಿಂದಿನ ದಿನವೇ ತುಂಬಿಸಿ.

ಹಿರಿಯರಿಗೆ ಎರಡು ವಿಷಯ ಮೊದಲೇ ಹೇಳಿರಿ. ಮೆಟ್ರೋದೊಳಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ತಪ್ಪಿದರೆ 100 ದಿರ್ಹಮ್ ದಂಡ. ಹೆಂಗಸರು ಮಕ್ಕಳಿಗೆ ಮೀಸಲಾದ ಡಬ್ಬಿಗೆ ಅಪ್ಪ ಹತ್ತಿದರೂ ದಂಡವೇ, ನೆಲದ ಮೇಲಿನ ಗುಲಾಬಿ ಗೆರೆ ನೋಡಿಕೊಳ್ಳಲಿ.

ಇನ್ನು ದೊಡ್ಡ ತಪ್ಪು. ನಿಲ್ದಾಣದಲ್ಲಿ ಇಳಿದ ಕೂಡಲೇ ಮಾಲ್ ಬಂತು ಅಂದುಕೊಳ್ಳುವುದು. ಇಳಿದ ಮೇಲೆ 800 ಮೀಟರಿಗೂ ಹೆಚ್ಚು ಉದ್ದದ ಮುಚ್ಚಿದ ಮೇಲ್ಸೇತುವೆ ಇದೆ. ಒಳಗೆ ಎಸಿ ಇದೆ, ನಿಂತರೆ ಸಾಗಿಸುವ ಚಲಿಸುವ ಪಟ್ಟಿಗಳೂ ಇವೆ. ಆದರೆ ಪಟ್ಟಿಗಳ ನಡುವೆ ನಡೆಯಬೇಕು, ಆಮೇಲೆ ಮಾಲ್‌ನೊಳಗೂ ನಡೆಯಬೇಕು. ಮಂಡಿನೋವಿನವರ ಆ ದಿನದ ನಡಿಗೆಯ ಪಾಲು ಇಲ್ಲೇ ಮುಗಿದುಹೋಗುತ್ತದೆ. ಅಂಥವರಿದ್ದರೆ ಮೆಟ್ರೋ ಆಸೆ ಇನ್ನೊಂದು ದಿನಕ್ಕಿರಲಿ, ಟ್ಯಾಕ್ಸಿಯಲ್ಲಿ ನೇರ ಮಾಲ್ ಬಾಗಿಲಿಗೆ ಬನ್ನಿ. ಚಲಿಸುವ ಪಟ್ಟಿಯ ಮೇಲೆ ಕಾಲಿಡುವಾಗಲೂ ಇಳಿಯುವಾಗಲೂ ಅಮ್ಮನ ಸೀರೆಯ ಅಂಚನ್ನು ಸ್ವಲ್ಪ ಎತ್ತಿ ಹಿಡಿಸಿ.

ಕಾರಿನವರಿಗೆ: 2024ರ ಜುಲೈಯಿಂದ ಫ್ಯಾಷನ್, ಗ್ರ್ಯಾಂಡ್, ಸಿನಿಮಾ ಪಾರ್ಕಿಂಗ್‌ಗಳಿಗೆ ಸಾಲಿಕ್ (ಇಲ್ಲಿನ ರಸ್ತೆ ಟೋಲ್ ಖಾತೆ) ಮೂಲಕ ಶುಲ್ಕವಿದೆ. ವಾರದ ದಿನಗಳಲ್ಲಿ ಮೊದಲ 4 ಗಂಟೆ, ವಾರಾಂತ್ಯದಲ್ಲಿ ಮೊದಲ 6 ಗಂಟೆ ಉಚಿತ. ಈ ಮಾರ್ಗದರ್ಶಿಯ ಕ್ರಮದಲ್ಲಿ ನಡೆದರೆ ನಾಲ್ಕು ಗಂಟೆ ಸಾಕಾಗುತ್ತದೆ. ನಿಲ್ಲಿಸಿದ ಕಂಬದ ನಂಬರು, ಬಣ್ಣ, ಮಹಡಿ ಮೂರೂ ಕಾಣುವಂತೆ ಫೋಟೋ ತೆಗೆದುಕೊಳ್ಳಿ. ಮಹಡಿಯ ಫೋಟೋ ಇಲ್ಲದೆ ಕಂಬದ ನಂಬರು ಮಾತ್ರ ಇದ್ದರೆ ಅದರಿಂದ ಉಪಯೋಗವಿಲ್ಲ.

ಹಂತ 6: ಒಳಗೆ ಕಾಲಿಟ್ಟ ಮೊದಲ ಕಾಲು ಗಂಟೆ

ಅಕ್ವೇರಿಯಂ ಕಡೆ ಓಡಬೇಡಿ. ಮೊದಲು ಎಲ್ಲರೂ ಶೌಚಾಲಯಕ್ಕೆ ಹೋಗಿಬನ್ನಿ. ಸುರಂಗದ ಮಧ್ಯೆ “ಅಮ್ಮಾ, ಸುಸ್ಸು” ಅಂದರೆ ನೀವು ಹೊರಗೇ ಬರಬೇಕು, ಮತ್ತೆ ಒಳಗೆ ಬಿಡುತ್ತಾರೆ ಎಂದು ನಂಬಿಕೊಳ್ಳುವಂತಿಲ್ಲ.

ಗಾಲಿಕುರ್ಚಿ ಬೇಕಿದ್ದರೆ ಮಾಲ್‌ನ ಗೆಸ್ಟ್ ಸರ್ವಿಸ್ ಕೌಂಟರಿನಲ್ಲಿ ಕೇಳಿ, ಗುರುತಿನ ಚೀಟಿ ಕೈಯಲ್ಲಿರಲಿ. ಅಪ್ಪ “ನಂಗ್ಯಾಕೆ ಗಾಲಿಕುರ್ಚಿ” ಅನ್ನುತ್ತಾರೆ. ಚೀಲ ಇಡೋಕೆ ಅಂತ ಹೇಳಿ ತೆಗೆದುಕೊಳ್ಳಿ. ಒಂದು ಗಂಟೆಯ ನಂತರ ಅವರೇ ಕೂರುತ್ತಾರೆ, ನಮ್ಮ ಮನೆಯಲ್ಲಿ ಹಾಗೇ ಆಯಿತು.

ತಪ್ಪಿಹೋದರೆ ಸೇರುವ ಜಾಗ ಈಗಲೇ ಗೊತ್ತುಮಾಡಿ, ಎಲ್ಲರನ್ನೂ ಅಲ್ಲಿಗೆ ಕರೆದೊಯ್ದು ತೋರಿಸಿ. ದೊಡ್ಡ ಗಾಜಿನ ಮುಂದೆ ಎಂದು ಹೇಳಬೇಡಿ, ಜನ ಕಿಕ್ಕಿರಿಯುವುದೇ ಅಲ್ಲಿ. ಹತ್ತಿರದ ಒಂದು ಅಂಗಡಿಯ ಬಾಗಿಲೋ ಎಸ್ಕಲೇಟರಿನ ಬುಡವೋ ಇರಲಿ. ಮಗುವಿನ ಮುಂಗೈ ಒಳಭಾಗದಲ್ಲಿ ಬಾಲ್‌ಪೆನ್ನಿನಿಂದ ನಿಮ್ಮ ನಂಬರು ಬರೆಯಿರಿ, ಅಂದಿನ ಬಟ್ಟೆಯಲ್ಲಿ ನಿಲ್ಲಿಸಿ ಒಂದು ಫೋಟೋ ತೆಗೆಯಿರಿ.

ನಾನು ಇದನ್ನು ಕಲಿತದ್ದು ಒಂದು ಶನಿವಾರ ಸಂಜೆ. ಗಾಜಿನ ಮುಂದೆ ಎಲ್ಲರ ಫೋಟೋ ತೆಗೆಯುವ ಭರದಲ್ಲಿ ಮಗಳ ಕೈ ಬಿಟ್ಟೆ. ಅವಳು ಒಂದು ತೊರಕೆಯ (ಚಪ್ಪಟೆ ಮೈಯ ರೇ ಮೀನು) ಜೊತೆಗೇ ಗಾಜಿನ ಉದ್ದಕ್ಕೂ ನಡೆದುಕೊಂಡು ಹೋಗಿಬಿಟ್ಟಿದ್ದಳು. ಸಿಗಲು ಏಳು ನಿಮಿಷ ಹಿಡಿಯಿತು. ಸೆಕ್ಯೂರಿಟಿಯವರು ಮಗು ಯಾವ ಬಣ್ಣದ ಫ್ರಾಕ್ ಹಾಕಿತ್ತು ಎಂದು ಕೇಳಿದರು. ಬೆಳಿಗ್ಗೆ ನಾನೇ ಗುಂಡಿ ಹಾಕಿದ ಫ್ರಾಕಿನ ಬಣ್ಣ ನನ್ನ ಬಾಯಿಗೆ ಬರಲಿಲ್ಲ. ಅಂದಿನಿಂದ ಈ ಫೋಟೋ ತೆಗೆಯದೆ ನಾವು ಎಲ್ಲಿಗೂ ಹೋಗುವುದಿಲ್ಲ.

ಹಂತ 7: ಸುರಂಗ ಮೊದಲು

ಇಡೀ ಮಾರ್ಗದರ್ಶಿಯ ತಿರುಳು ಇಲ್ಲಿದೆ. ಹೊರಗಿನ ದೊಡ್ಡ ಗಾಜಿನ ಮುಂದೆ ನಿಲ್ಲದೆ ನೇರ ಸುರಂಗಕ್ಕೆ ನಡೆಯಿರಿ. ಗಾಜು ಕಣ್ಣಿಗೆ ಬಿದ್ದೇ ಬೀಳುತ್ತದೆ, ಮಕ್ಕಳು ಎಳೆಯುತ್ತಾರೆ, “ಕೊನೆಗೆ ಬರೋಣ” ಎಂದು ಹೇಳಿ ಮುಂದೆ ಸಾಗಿ.

ಕಾರಣ ಇಷ್ಟು. ಗಾಜಿನ ಮುಂದೆ ಮುಕ್ಕಾಲು ಗಂಟೆ ನಿಂತ ಮೇಲೆ ಹಿರಿಯರಿಗೆ ಎಲ್ಲ ನೋಡಿಯಾಯಿತು ಅನ್ನಿಸುತ್ತದೆ, ಕಾಲೂ ಸೋತಿರುತ್ತದೆ. ಮಕ್ಕಳ ಮೊದಲ ಬೆರಗು ಅಲ್ಲೇ ಕಳೆದಿರುತ್ತದೆ. ಆಮೇಲೆ ಸುರಂಗದಲ್ಲಿ ಮತ್ತೆ ಅದೇ ಮೀನು. ಮೊದಲೇ ಸುರಂಗಕ್ಕೆ ಹೋದರೆ ಆ ಮೊದಲ ಬೆರಗು ತಲೆಯ ಮೇಲೆ, ಎಡಕ್ಕೆ, ಬಲಕ್ಕೆ ನೀರಿರುವ ಜಾಗದಲ್ಲಿ ಸಿಗುತ್ತದೆ.

ಒಳಹೋಗುವಾಗ ಕುಟುಂಬವನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಹೊರಬಂದ ಮೇಲೆ ಅದನ್ನು ಕೊಳ್ಳಲು ಕೇಳುತ್ತಾರೆ. ಬೇಡವಾದರೆ ನಗುತ್ತ “ಬೇಡ” ಎಂದು ಹೇಳಿ ಮುಂದೆ ನಡೆಯಬಹುದು, ಕಡ್ಡಾಯವಿಲ್ಲ.

ಸುರಂಗ 48 ಮೀಟರ್. ಸುಮ್ಮನೆ ನಡೆದರೆ ಒಂದು ನಿಮಿಷವೂ ಬೇಡ. ಹೆಚ್ಚಿನವರು ಫೋನು ಎತ್ತಿಹಿಡಿದು ವಿಡಿಯೋ ಮಾಡುತ್ತ ಐದು ನಿಮಿಷಕ್ಕೆ ಹೊರಬರುತ್ತಾರೆ, ದುಡ್ಡು ವ್ಯರ್ಥ ಅನ್ನುತ್ತಾರೆ. ನೀವು ಅರ್ಧ ಗಂಟೆ ಇಟ್ಟುಕೊಳ್ಳಿ. ಮೂರು ಕಡೆ ಬದಿಗೆ ಸರಿದು ನಿಲ್ಲಿ, ಹಿಂದಿನವರಿಗೆ ದಾರಿ ಬಿಡಿ, ಒಂದೊಂದು ಕಡೆ ಒಂದೊಂದನ್ನು ಹುಡುಕಿ.

ಮೊದಲ ನಿಲುಗಡೆಯಲ್ಲಿ ತೊರಕೆ. ಅದು ತಲೆಯ ಮೇಲೆ ಹಾದುಹೋಗುವಾಗ ಹೊಟ್ಟೆಯ ಬಿಳಿ ಭಾಗದಲ್ಲಿ ಎರಡು ಕಣ್ಣು, ಒಂದು ನಗುವ ಬಾಯಿ ಕಂಡ ಹಾಗಾಗುತ್ತದೆ. ಮಕ್ಕಳು ಕೈಬೀಸುತ್ತಾರೆ. ಬೀಸಲಿ. ಆಮೇಲೆ ಹೇಳಿ: ಅವು ಕಣ್ಣಲ್ಲ, ಮೂಗಿನ ಹೊಳ್ಳೆಗಳು, ನಿಜವಾದ ಕಣ್ಣು ಬೆನ್ನಿನ ಕಡೆ ಇವೆ. ಬಾಯಿಯ ಕೆಳಗೆ ಎರಡು ಸಾಲು ಸೀಳುಗಳು ಮುಚ್ಚಿ ತೆರೆಯುತ್ತಿರುತ್ತವೆ, ಅವು ಕಿವಿರು. ಇದು ಚೆನ್ನಾಗಿ ಕಾಣುವುದು ಕೆಳಗಿನಿಂದ ನೋಡಿದಾಗ, ಹೊರಗಿನ ಗಾಜಿನಿಂದ ಅಪರೂಪ.

ಎರಡನೆಯದರಲ್ಲಿ ಸ್ಯಾಂಡ್ ಟೈಗರ್ ಶಾರ್ಕ್. ಬಾಯಿ ಮುಚ್ಚಿದರೂ ಹಲ್ಲು ಹೊರಗೇ ಚಾಚಿರುವುದರಿಂದ ಗುರುತು ಸುಲಭ. ಅದು ನೀರಿನ ಮೇಲೆ ಬಂದು ಗಾಳಿ ನುಂಗಿ ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ, ಆ ಗಾಳಿಯ ಬಲದಿಂದ ಈಜದೆಯೂ ನೀರಿನ ಮಧ್ಯೆ ತೇಲುತ್ತದೆ. ಇಷ್ಟು ಹಲ್ಲಿರುವ ಪ್ರಾಣಿ ಇಷ್ಟು ನಿಧಾನವಾಗಿ ಯಾಕೆ ಹೋಗುತ್ತದೆ ಎಂದು ಮಕ್ಕಳು ಕೇಳುತ್ತಾರೆ, ಉತ್ತರ ಇದು.

ಮೂರನೆಯದನ್ನು ಹಿರಿಯರಿಗೆ ಬಿಟ್ಟುಕೊಡಿ. ನಮ್ಮ ಕರಾವಳಿಯವರಾದರೆ ಇಲ್ಲಿ ಅವರೇ ಮೇಷ್ಟ್ರು. ಮಲ್ಪೆ ಬಂದರಿನಲ್ಲಿ ಐವತ್ತು ವರ್ಷ ಮೀನು ಕೊಂಡ ನಮ್ಮಪ್ಪ ಮೊದಲ ಹತ್ತು ನಿಮಿಷ ಸುಮ್ಮನಿದ್ದರು. ಒಂದು ದೊಡ್ಡ ಗ್ರೂಪರ್ ದಪ್ಪ ತುಟಿ ಅಲ್ಲಾಡಿಸುತ್ತ ಪಕ್ಕಕ್ಕೆ ಬಂದದ್ದೇ, “ಏ, ಇದು ನಮ್ಮ ಮುರು ಮೀನಲ್ವನಾ!” ಎಂದು ಕೂಗಿದರು. ಆಮೇಲೆ ಕೊಕ್ಕರ್, ತಾಟೆ, ತೊರಕೆ ಒಂದೊಂದಾಗಿ ಹೆಸರು ಬಂದವು. ಮೊಮ್ಮಗಳು ಇಂಗ್ಲಿಷ್ ಹೆಸರು ಹೇಳುವುದು, ಅಜ್ಜ ಊರಿನ ಹೆಸರು ಹೇಳುವುದು. ಈ ಕಡೆಯ ಸಮುದ್ರ ದಾಟಿದರೆ ಆ ಕಡೆ ಮಲ್ಪೆ, ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪ. ಇವೇ ಜಾತಿಯ ಮೀನುಗಳು ಅಲ್ಲೂ ಇವೆ ಎಂದು ಮಕ್ಕಳಿಗೆ ಹೇಳಲು ಅಜ್ಜನಿಗಿಂತ ಒಳ್ಳೆಯವರು ಯಾರೂ ಸಿಗುವುದಿಲ್ಲ. ಅವರನ್ನು ಅವಸರ ಮಾಡಬೇಡಿ.

ಫೋಟೋಗೆ: ಫ್ಲ್ಯಾಷ್ ಆಫ್ ಮಾಡಿ. ಫ್ಲ್ಯಾಷ್ ಹಾಕಿದರೆ ಮೀನುಗಳಿಗೂ ತೊಂದರೆ, ಚಿತ್ರದಲ್ಲಿ ಬರುವುದೂ ಬಿಳಿ ಚುಕ್ಕೆ ಮಾತ್ರ. ಫೋನಿನ ಲೆನ್ಸನ್ನು ಅಕ್ರಿಲಿಕ್‌ಗೆ ಮೆಲ್ಲನೆ ತಾಗಿಸಿ ಹಿಡಿಯಿರಿ, ಪ್ರತಿಬಿಂಬ ಹೋಗುತ್ತದೆ. ಗಾಜು ಬಡಿಯಲು ಮಕ್ಕಳನ್ನು ಬಿಡಬೇಡಿ.

ಎಚ್ಚರಿಕೆ: ಬಾಗಿದ ಅಕ್ರಿಲಿಕ್‌ನಿಂದ ಮೀನುಗಳು ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತವೆ, ಜೊತೆಗೆ ಸುತ್ತಲೂ ಎಲ್ಲವೂ ಚಲಿಸುತ್ತಿರುತ್ತದೆ. ಬೈಫೋಕಲ್ ಕನ್ನಡಕದವರಿಗೆ, ತಲೆಸುತ್ತಿನ ತೊಂದರೆ ಇರುವವರಿಗೆ ಇಲ್ಲಿ ಹೆಜ್ಜೆ ತಪ್ಪಬಹುದು. ಮಾತು ಕಡಿಮೆಯಾಗಿ, ಗೋಡೆ ಹುಡುಕುವ ಹಾಗೆ ಕೈ ಚಾಚಿದರೆ ಅದೇ ಸೂಚನೆ. ನಿಲ್ಲಿಸಿ, ನೆಲವನ್ನೋ ನಿಮ್ಮ ಮುಖವನ್ನೋ ನೋಡಲು ಹೇಳಿ, ತೋಳು ಹಿಡಿದು ಹೊರಗೆ ಕರೆತನ್ನಿ.

ಹಂತ 8: ಎರಡನೇ ಮಹಡಿ

ಲಿಫ್ಟಿನಲ್ಲಿ ಹೋಗಿ. ಎಸ್ಕಲೇಟರಿನ ಮುಂದೆ ನಿಂತು ಧೈರ್ಯ ತಂದುಕೊಳ್ಳುವ ಹಿರಿಯರನ್ನು ನಾವೆಲ್ಲ ನೋಡಿದ್ದೇವೆ, ಹೊಸ ಜಾಗದಲ್ಲಿ ಆ ಪರೀಕ್ಷೆ ಬೇಡ.

ಅಂಡರ್‌ವಾಟರ್ ಝೂದಲ್ಲಿ ಸಣ್ಣ ಸಣ್ಣ ತೊಟ್ಟಿಗಳು ಸಾಲಾಗಿವೆ. ಎಲ್ಲದರ ಮುಂದೆಯೂ ಸಮನಾಗಿ ನಿಲ್ಲಲು ಹೋದರೆ ಅರ್ಧದಲ್ಲೇ ಸುಸ್ತು. ನಾನು ನಿಲ್ಲುವುದು ಮೂರು ಕಡೆ. ಪೆಂಗ್ವಿನ್‌ಗಳ ಮುಂದೆ ಹೆಚ್ಚು ಹೊತ್ತು, ಉದ್ದ ಕಾಲಿನ ದೈತ್ಯ ಏಡಿಗಳ ಮುಂದೆ ಸ್ವಲ್ಪ, ಆಮೇಲೆ ಕಿಂಗ್ ಕ್ರಾಕ್. ಆಸ್ಟ್ರೇಲಿಯಾದಿಂದ ತಂದ ಈ ಉಪ್ಪುನೀರಿನ ಮೊಸಳೆ 5 ಮೀಟರಿಗಿಂತ ಉದ್ದ, ತೂಕ ಸುಮಾರು 750 ಕಿಲೋ. ಅದು ಬಹುಪಾಲು ಹೊತ್ತು ಅಲ್ಲಾಡದೆ ಇರುತ್ತದೆ, ಮಕ್ಕಳು “ಬೊಂಬೆ” ಅನ್ನುತ್ತಾರೆ. ಎರಡು ನಿಮಿಷ ಅದರ ಮೂಗಿನ ಹೊಳ್ಳೆಯನ್ನೇ ನೋಡಲು ಹೇಳಿ. ಹೊಳ್ಳೆ ಮುಚ್ಚಿ ತೆರೆದದ್ದು ಕಂಡಾಗ ಬೊಂಬೆ ಅಂದ ಮಗು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ.

ಆಹಾರ ಹಾಕುವ ಹೊತ್ತು ಯಾವುದೆಂದು ಒಳಹೋಗುವಾಗಲೇ ಸಿಬ್ಬಂದಿಯನ್ನು ಕೇಳಿ ಬರೆದುಕೊಳ್ಳಿ. ಹೊರಟು ನಿಂತಾಗ ಕೇಳಿದರೆ ಅರ್ಧ ಗಂಟೆಯ ಹಿಂದೆ ಮುಗಿಯಿತು ಎಂಬ ಉತ್ತರವೇ ಸಿಗುವುದು.

ಹಂತ 9: ಊಟ ಒಂದು ಗಂಟೆಗೆ ಮೊದಲು

ಹನ್ನೆರಡೂವರೆಗೆ ಫುಡ್‌ಕೋರ್ಟಿನಲ್ಲಿ ಕೂತಿರಬೇಕು. ಒಂದೂವರೆಗೆ ಹೋದರೆ ಟ್ರೇ ಹಿಡಿದು ಕುರ್ಚಿ ಹುಡುಕುವುದೇ ಕೆಲಸ. ಒಬ್ಬರು ಹಿರಿಯರ ಜೊತೆ ಮೇಜು ಹಿಡಿಯಲಿ, ಇನ್ನೊಬ್ಬರು ಮಾತ್ರ ಸಾಲಿಗೆ ಹೋಗಲಿ.

ಸಸ್ಯಾಹಾರಿಗಳಿಗೆ ಭಾರತೀಯ ಮಳಿಗೆಗಳಲ್ಲಿ ತಿನ್ನಲು ಸಿಗುತ್ತದೆ. ಆದರೆ ಮಡಿ, ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಇದ್ದರೆ ಮಾಲ್ ಊಟವನ್ನು ನೆಚ್ಚಿಕೊಳ್ಳಬೇಡಿ. ಬೆಳಿಗ್ಗೆ ಹೊಟ್ಟೆತುಂಬ ಅವಲಕ್ಕಿಯೋ ದೋಸೆಯೋ ತಿನ್ನಿಸಿ, ಮಧ್ಯಾಹ್ನ ಹಣ್ಣು, ಮೊಸರಲ್ಲಿ ಮುಗಿಸಿ, ಸಂಜೆ ಭಾರತೀಯ ಹೋಟೆಲುಗಳಿರುವ ಕರಾಮಾ ಬಡಾವಣೆಗೆ ಹೋಗಿ ಉಡುಪಿ ಊಟ ಮಾಡಿ. ಸಕ್ಕರೆ ಕಾಯಿಲೆಯವರು ಮಾತ್ರ ಹೀಗೆ ಮುಂದೂಡುವಂತಿಲ್ಲ. ಹಣೆಯ ಮೇಲೆ ಎಸಿಯಲ್ಲೂ ಬೆವರು, ಕೈ ನಡುಕ, ಸುಮ್ಮಸುಮ್ಮನೆ ಸಿಡಿಮಿಡಿ ಕಂಡರೆ ಸಕ್ಕರೆ ಇಳಿದಿದೆ ಎಂದು ತಿಳಿದು, ಸಾಲು ಬಿಟ್ಟು ಬಂದು ಮೊದಲು ಚೀಲದ ಬಿಸ್ಕತ್ತು ಕೊಡಿ.

ಹಂತ 10: ಈಗ ದೊಡ್ಡ ಗಾಜಿನ ಮುಂದೆ

ಊಟವಾದ ಮೇಲೆ ಕೆಳಗೆ ಬನ್ನಿ. ಗಾಲಿಕುರ್ಚಿಯನ್ನು ಗಾಜಿನ ಒಂದು ತುದಿಗೆ ತನ್ನಿ. ಎಲ್ಲರೂ ನಡುವಿಗೆ ನುಗ್ಗುತ್ತಾರೆ, ತುದಿಗಳಲ್ಲಿ ಜಾಗ ಇರುತ್ತದೆ, ಮೀನು ತಿರುಗುವಾಗ ತೀರಾ ಹತ್ತಿರ ಬರುವುದೂ ಅಲ್ಲೇ. ಸ್ವಲ್ಪ ಹೊತ್ತಿಗೆ ಮುಂಚೆ ನೀವು ಒಳಗೆ ನಿಂತಿದ್ದ ಸುರಂಗದಲ್ಲಿ ಈಗ ಬೇರೆ ಜನ ನಡೆಯುವುದು ನೀರಿನಾಚೆ ಕಾಣುತ್ತದೆ. “ನಾವು ಅಲ್ಲಿದ್ವಿ” ಎಂದು ಮಕ್ಕಳು ತೋರಿಸುತ್ತಾರೆ. ಕ್ರಮ ತಿರುಗಾಮುರುಗಾ ಆದರೆ ಈ ಮಾತಿಗೆ ಅವಕಾಶವೇ ಇಲ್ಲ.

ಮನೆಯವರೆಲ್ಲರ ಫೋಟೋ ಇಲ್ಲಿ ತೆಗೆಯಿರಿ, ಸುರಂಗದಲ್ಲಿ ಬೇಡ. ಗಾಜಿಗೆ ಬೆನ್ನು ಹಾಕಿ ನಿಂತರೆ ಮುಖಗಳು ಕಪ್ಪಾಗುತ್ತವೆ. ಪಕ್ಕಕ್ಕೆ ತಿರುಗಿ, ಎಲ್ಲರೂ ಮೀನನ್ನೇ ನೋಡುವ ಹಾಗೆ ನಿಲ್ಲಿಸಿದರೆ ನೀಲಿ ಬೆಳಕು ಮುಖದ ಮೇಲೆ ಬೀಳುತ್ತದೆ. ತೆಗೆಯುವವರ ಬಿಟ್ಟು ಇನ್ನೊಬ್ಬ ದೊಡ್ಡವರ ಕೈಯಲ್ಲಿ ಮಗುವಿನ ಕೈ ಇರಲೇಬೇಕು.

ಮುಗಿಸಬೇಕಾದ ಸೂಚನೆಗಳು

ಮಗು ನೆಲದ ಮೇಲೆ ಕೂರಲು ಶುರುಮಾಡಿದರೆ, ಅಮ್ಮ ಅಂಗಡಿಗಳ ಮುಂದಿನ ಕಟ್ಟೆ ಹುಡುಕಿದರೆ, ಅಪ್ಪ ಮೂರನೇ ಸಲ ಗಂಟೆ ಎಷ್ಟು ಎಂದು ಕೇಳಿದರೆ ಅಲ್ಲಿಗೆ ಮುಗಿಸಿ. ಅವರಾಗಿ “ಸಾಕು” ಎಂದು ಬಾಯಿಬಿಟ್ಟು ಹೇಳುವುದಿಲ್ಲ. ನೀವು ರಜೆ ಹಾಕಿ ದುಡ್ಡು ಕೊಟ್ಟಿದ್ದೀರಿ ಎಂಬ ಸಂಕೋಚ ಅವರಿಗಿದೆ.

ಹೊರಗೆ ದುಬೈ ಫೌಂಟನ್ ಕಾರಂಜಿಯ ಸಂಜೆಯ ಪ್ರದರ್ಶನಗಳಿವೆ. ಅದಕ್ಕಾಗಿ ಮಧ್ಯಾಹ್ನದಿಂದ ಸಂಜೆಯವರೆಗೆ ಮಾಲ್‌ನಲ್ಲಿ ಸುತ್ತಿಸಬೇಡಿ. ಈ ಪ್ರವಾಸವನ್ನು ಹಾಳುಮಾಡುವ ಕೊನೆಯ ತಪ್ಪು ಅದೇ. ಮನೆಗೆ ಹೋಗಿ ಮಲಗಿ, ಇನ್ನೊಂದು ಸಂಜೆ ಕಾರಂಜಿಗೆಂದೇ ಬನ್ನಿ.

ಮೆಟ್ರೋದಲ್ಲಿ ವಾಪಸಾಗುವವರು ನಾಲ್ಕೂವರೆಯೊಳಗೆ ಹತ್ತಿ, ಆಮೇಲೆ ಆಫೀಸಿನವರ ನೂಕುನುಗ್ಗಲು. ಮೇಲ್ಸೇತುವೆಯ ಆ 800 ಮೀಟರ್ ವಾಪಸಾಗುವಾಗಲೂ ಇದೆ ಎಂಬುದು ನೆನಪಿರಲಿ. ಕಾಲು ಎಳೆಯುತ್ತಿದ್ದರೆ ಬೆಳಿಗ್ಗೆ ಮೆಟ್ರೋದಲ್ಲಿ ಬಂದವರೂ ಸಂಜೆಗೆ ಟ್ಯಾಕ್ಸಿ ಹಿಡಿಯಿರಿ. ಗಾಲಿಕುರ್ಚಿ ಹಿಂದಿರುಗಿಸುವಾಗ ಕೌಂಟರಿನಲ್ಲಿ ಕೊಟ್ಟ ಗುರುತಿನ ಚೀಟಿ ಕೇಳಿ ತೆಗೆದುಕೊಳ್ಳಿ.